ಊರ ನೀರಿಗಾಗಿ ಬಿಟ್ಟ ಹೊಲ

ಮಾನ್ವಿ
೨೦ ಜೂನ್ ೧೯೮೨

ತಾಯಣ್ಣನವರಿಗೆ,

ಗಂಡನ ಹೆಸರು ಹಿಡಿದು ಕರೆಯಬಾರದು ಅಂತ ಹಿರಿಯರು ಹೇಳುತ್ತಾರೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಐದು ವರ್ಷದಿಂದ ನಿಮ್ಮನ್ನು ಯಾವ ಮಾತಿನಿಂದಲೂ ಕರೆದಿಲ್ಲ, ಅದಕ್ಕೇ ಇವತ್ತು ಹೆಸರಿನಿಂದಲೇ ಶುರು ಮಾಡಿದ್ದೇನೆ. ನಾನೂ ಅವ್ವನೂ ಆರಾಮ ಇದ್ದೇವೆ. ನೀವು ಸೊರಗಿದ್ದೀರಿ ಅಂತ ನಿಮ್ಮ ಅಕ್ಷರ ನೋಡಿಯೇ ಅನ್ನಿಸಿತು. ಮೊದಲು ಎಷ್ಟು ದುಂಡಗೆ ಬರೆಯುತ್ತಿದ್ದಿರಿ.

ಪತ್ರವನ್ನು ಪೋಸ್ಟ್‌ಮನ್ ಶಾಲೆಗೇ ತಂದುಕೊಟ್ಟ. ಎರಡನೇ ಇಯತ್ತೆಯ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಯಾರೋ ತಪ್ಪು ಹೇಳಿದರು, ಉಳಿದವರೂ ಅದನ್ನೇ ಹಿಡಿದರು, ನಾನು ತಿದ್ದಲಿಲ್ಲ. ರಾಯಚೂರಿನಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿದೆ, ಹಿತ್ತಲಲ್ಲಿ ಬೇವಿನ ಗಿಡ ಇದೆ, ಬಾ ಅಂತ ಕರೆದಿದ್ದೀರಿ. ಅವ್ವನನ್ನೂ ಕರೆತಾ ಅಂದಿದ್ದೀರಿ. ಆದರೆ ಬರುವ ಮುಂಚೆ ಆಕೆ ಮುನಸಿಪಾಲ್ಟಿ ಕಸಬರಿಗೆ ಬಿಟ್ಟಿರಬೇಕು ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ.

ಆ ಸಾಲಿಗೆ ಉತ್ತರ ಬರೆಯುವ ಮುಂಚೆ, ನೀವು ಇಲ್ಲದ ದಿನಗಳಲ್ಲಿ ಈ ಊರಿನಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕು. ಅದು ಒಬ್ಬ ಹೆಣ್ಣುಮಗಳ ಕಥೆ. ಅವರ ಹೆಸರು ಖತೀಜಾ ಬೀ. ಊರವರು ಬೀಬಿ ಅಂತಾರೆ. ಕಿಲ್ಲೆ ಕಡೆಯ ಹಳೇ ದರ್ಗಾದ ಹತ್ತಿರ ಅವರ ಮನೆ. ಅವರ ಯಜಮಾನರು ಅಲ್ಲಿನ ವಕ್ಫ್ ಆಸ್ತಿಯ ಮುತವಲ್ಲಿ ಆಗಿದ್ದರು. ಅವರು ತೀರಿಕೊಂಡ ಮೇಲೆ ಉಸ್ತುವಾರಿ ಇವರ ಕೈಗೆ ಬಂತು. ಹೆಂಗಸಿಗೆ ಯಾಕೆ ಅಂತ ಮೈದುನ ಅಬ್ದುಲ್ ವಹೀದ್ ಸಾಹೇಬರು ತಕರಾರು ಮಾಡಿದರಂತೆ. ಬೀಬಿ ವಾದ ಮಾಡಲಿಲ್ಲವಂತೆ, ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದು ಕೆಲಸ ಶುರು ಮಾಡಿದರಂತೆ.

ವಕ್ಫ್ ಅಂದರೆ ಏನು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವರೇ ತಿಳಿಸಿದರು. ದೇವರ ಹೆಸರಿನಲ್ಲಿ ಒಮ್ಮೆ ಬಿಟ್ಟ ಆಸ್ತಿಯನ್ನು ಮಾರುವ ಹಾಗಿಲ್ಲ, ಮಕ್ಕಳಿಗೆ ಹಂಚುವ ಹಾಗಿಲ್ಲ. ಕೊಟ್ಟವರು ಯಾವ ಪುಣ್ಯದ ಕೆಲಸಕ್ಕೆ ಅಂತ ಹೇಳಿದ್ದರೋ ಆ ಕೆಲಸಕ್ಕೇ ಅದರ ಫಲ ಸಲ್ಲಬೇಕು. ದರ್ಗಾದ ಹಿಂದಿನ ಹೊಲವನ್ನೂ ಅದರ ಬಾವಿಯನ್ನೂ ನಿಜಾಮರ ಕಾಲದ ಒಬ್ಬ ಮುದುಕಿ ಬಿಟ್ಟಿದ್ದಳಂತೆ. ಊರಿಗೂ ದಾರಿಹೋಕರಿಗೂ ಕುಡಿಯುವ ನೀರು ತಪ್ಪಬಾರದು, ಅಷ್ಟೇ ಆಕೆಯ ಮಾತು.

ಆ ಬಾವಿ ನಿಮಗೆ ನೆನಪಿರಬೇಕು. ನಮ್ಮ ಕೇರಿಯವರು ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಸುರಿಯುವ ತನಕ ಕಟ್ಟೆಯ ಕೆಳಗೆ ಕಾಯುತ್ತಿದ್ದೆವಲ್ಲ, ಅದೇ. ಹೊಲ ಜಾಲಿ ಬೆಳೆದು ಬೀಳು ಬಿದ್ದಿತ್ತು. ಅದರ ಮೇಲಿನ ಅಂಚಿಗೆ, ರಸ್ತೆಯ ಬದಿಗೆ, ಮುನಸಿಪಾಲ್ಟಿಯವರು ಊರ ಕಸವನ್ನೆಲ್ಲ ಸುರಿಸುತ್ತಿದ್ದರು. ಸುರಿಯುತ್ತಿದ್ದವಳು ನಮ್ಮವ್ವ. ತಲೆ ಮೇಲೆ ಬುಟ್ಟಿ, ಬುಟ್ಟಿಯಿಂದ ಕಿವಿಯ ಮೇಲೆ ಇಳಿಯುವ ರಾಡಿ. ನೀವು ನಿಮ್ಮ ಸಾಹೇಬರ ಜೊತೆ ಮಾನ್ವಿಗೆ ಬಂದಿದ್ದ ದಿನ ಬಸ್‌ಸ್ಟ್ಯಾಂಡಿನ ಮುಂದೆ ಅದೇ ಬುಟ್ಟಿ ಹೊತ್ತು, ಅಳಿಯಂದಿರು ಬಂದರು ಅಂತ ಆಕೆ ನಕ್ಕಳು. ನೀವು ಮುಖ ತಿರುಗಿಸಿದಿರಿ. ಅವ್ವ ಇದನ್ನು ನನಗೆ ಹೇಳಲಿಲ್ಲ. ಬಳೆಗಾರರ ಹುಡುಗಿ ಹೇಳಿದಳು. ಕೇಳಿದರೆ ಅವ್ವ, ಬಿಸಿಲಿಗೆ ಅವನಿಗೆ ಕಂಡಿರಲಿಕ್ಕಿಲ್ಲ ಅಂದಳು.

ಅವ್ವ ಕಸಬರಿಗೆ ಬಿಡಲಿಲ್ಲ ಅಂತ ನೀವು ಸಿಟ್ಟಿನಿಂದ ಹೊರಟುಹೋದ ಮರುವರ್ಷ ಮಳೆಗಾಲದಲ್ಲಿ ತಿಪ್ಪೆಯ ನೀರೆಲ್ಲ ಇಳಿದು ಬಾವಿ ಸೇರಿತು. ವಾಂತಿಭೇದಿ ದರ್ಗಾದ ಓಣಿಯಲ್ಲೂ ಬಂತು, ನಮ್ಮ ಕೇರಿಯಲ್ಲೂ ಬಂತು. ನನ್ನ ಶಾಲೆಯ ಎರಡು ಮಕ್ಕಳು ಹೋದವು. ಒಂದು ಬೀಬಿಯ ಪಕ್ಕದ ಮನೆಯದು, ಇನ್ನೊಂದು ನಮ್ಮ ಕೇರಿಯ ಬಾಲಮ್ಮನ ಮಗಳು. ಆ ಹುಡುಗಿ ಪಾಟಿಯ ಮೇಲೆ ಬರೀ ನವಿಲು ಬರೆಯುತ್ತಿತ್ತು, ಅಕ್ಷರ ಬರೆಯಲು ಒಲ್ಲೆ ಅನ್ನುತ್ತಿತ್ತು.

ಅದೇ ದಿನಗಳಲ್ಲಿ ಗಿರಣಿ ಸಿದ್ದರಾಮಪ್ಪನವರು ಆ ಹೊಲವನ್ನು ಲೀಸಿಗೆ ಕೇಳಿದರು. ಕಾಲುವೆ ನೀರು ಬಂದ ಮೇಲೆ ಸುತ್ತಲೂ ನೆಲ್ಲು ಬೆಳೆಯುತ್ತಿತ್ತು, ಅವರಿಗೆ ಇನ್ನೊಂದು ಗಿರಣಿ ಹಾಕುವ ಆಸೆ. ಒಳ್ಳೆಯ ಬಾಡಿಗೆ ಕೊಡುತ್ತೇನೆ ಅಂದರು. ಮಸೀದಿಯ ಛಾವಣಿ ಸೋರುತ್ತಿತ್ತು, ಜಮಾತಿನ ಹಿರಿಯರಿಗೆ ಇದು ದೇವರೇ ಕಳಿಸಿದ ಹಾಗೆ ಕಂಡಿತು. ಬೀಬಿ ಒಪ್ಪಲಿಲ್ಲ. ಹೊಲ ಕೊಟ್ಟದ್ದು ನೀರಿಗೆ, ಛಾವಣಿಗೆ ಬೇರೆ ಚಂದಾ ಎತ್ತೋಣ ಅಂದರು. ಆಮೇಲೆ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. ಊರ ಕಸ ಮೇಲಿನ ಅಂಚಿಗೆ ಬೀಳುವುದನ್ನು ನಿಲ್ಲಿಸಬೇಕು. ಬಾವಿಗೆ ದೂರ, ಹೊಲದ ಇಳಿಜಾರಿನ ಕಡೆ ಗುಂಡಿ ತೋಡಬೇಕು. ಗಾಜು, ತಗಡು ಬೇರೆ ಮಾಡಿ, ಉಳಿದದ್ದನ್ನು ಸೆಗಣಿ ಮಣ್ಣಿನ ಜೊತೆ ಪದರ ಪದರ ಹಾಕಿ ಗೊಬ್ಬರ ಮಾಡಬೇಕು. ಗೊಬ್ಬರ ಮಾರಿ ಬಂದದ್ದರಲ್ಲಿ ಬಾವಿ ಚೊಕ್ಕಟ ಇಡಬೇಕು. ದೇವದುರ್ಗದ ಅವರ ತವರಿನಲ್ಲಿ ತೋಟಕ್ಕೆ ಹೀಗೇ ಮಾಡುತ್ತಿದ್ದರಂತೆ.

ಅಲ್ಲಾನ ಜಮೀನಿನಲ್ಲಿ ಊರ ಹೊಲಸು ಹಾಕಿಸುತ್ತೀಯಾ ಭಾಬಿ ಅಂತ ವಹೀದ್ ಸಾಹೇಬರು ಎದ್ದು ನಿಂತರಂತೆ. ಬೀಬಿ ಕೊಟ್ಟ ಉತ್ತರ ಆಮೇಲೆ ಊರೆಲ್ಲ ಹಬ್ಬಿತು. “ಹೊಲಸು ಈಗೂ ಅಲ್ಲೇ ಅದ, ವಹೀದ್. ಬಾವಿಯೊಳಗ ಅದ. ಅದನ್ನ ನೀರಿನಿಂದ ತೆಗದು ಮಣ್ಣಿಗೆ ಹಾಕ್ತೀನಿ ಅನ್ನಾಕತ್ತೀನಿ, ಅಷ್ಟ.”

ಮರುದಿನ ಬೀಬಿ ನಮ್ಮ ಕೇರಿಗೆ ಬಂದರು. ಬುರ್ಖಾ ಹಾಕಿದ ಹೆಂಗಸು ನಮ್ಮ ಓಣಿಯಲ್ಲಿ ನಡೆದು ಬರುವುದನ್ನು ನೋಡಲು ಬಾಗಿಲು ಬಾಗಿಲಲ್ಲಿ ಜನ. ನಮ್ಮ ಮನೆಗೇ ಬಂದರು. ಚಾಪೆ ಹಾಸುವುದರೊಳಗೆ ನೆಲದ ಮೇಲೆ ಕೂತರು, ಅವ್ವ ಕೊಟ್ಟ ಚಹಾ ಕುಡಿದರು, ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ವಿಷಯ ಹೇಳಿದರು. ಕಸ ತರುವವರು ನೀವು, ನೀವು ಒಪ್ಪದೆ ಇದು ಆಗುವುದಿಲ್ಲ ಅಂದರು.

ಅವ್ವ ಒಪ್ಪಲಿಲ್ಲ! ನನಗೇ ಗಾಬರಿಯಾಯಿತು. ಹೊಲಸನ್ನು ಇನ್ನೊಂದು ಜಾಗಕ್ಕೆ ಹೊರಬೇಕು ಅಂತ ಕೇಳಲು ಬಂದೀರೇನು ಬೀಬಿ, ಅಲ್ಲಿ ಸುರಿದರೂ ಇಲ್ಲಿ ಸುರಿದರೂ ತಲೆ ನಮ್ಮದೇ ಅಲ್ಲವೇನು ಅಂದಳು. ಬೀಬಿ ಕಪ್ಪನ್ನು ಕೆಳಗಿಟ್ಟರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಏನು ಮಾಡಿದರೆ ಒಪ್ಪುತ್ತೀ ಅಂತ ಕೇಳಿದರು. ಅವ್ವ ಎರಡು ಮಾತು ಹೇಳಿದಳು. ಬುಟ್ಟಿ ತಲೆಯಿಂದ ಇಳಿಯಬೇಕು. ಬಾವಿಯ ಹಗ್ಗ ನಮ್ಮ ಕೈಗೆ ಬರಬೇಕು.

ಮೊದಲನೆಯದಕ್ಕೆ ಬೀಬಿ ತಳ್ಳುವ ಗಾಡಿ ಮಾಡಿಸುತ್ತೇನೆ ಅಂದರು. ಎರಡನೆಯದಕ್ಕೆ ಮಾತ್ರ ಅವರ ಮುಖ ಸಣ್ಣದಾಯಿತು. “ಕೊಟ್ಟಾಕಿ ಊರಿಗೆ ಅಂತ ಕೊಟ್ಟಾಳ, ಮಾನಮ್ಮ. ನೀವು ಊರಲ್ಲೇನು? ಇದನ್ನ ನೀ ಕೇಳೂದಕ್ಕ ಮೊದಲ ನಾ ಹೇಳಬೇಕಿತ್ತು” ಅಂದರು.

ಅರ್ಜಿಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂತು. ಮುನಸಿಪಾಲ್ಟಿಯವರು ಕಸದ ಜಾಗ ಬದಲಾದರೆ ತಮಗೇನೂ ಅಡ್ಡಿಯಿಲ್ಲ ಅಂದರು. ವಕ್ಫ್ ಕಚೇರಿಯ ಒಪ್ಪಿಗೆಗೆ ಬೀಬಿಯೂ ನಾನೂ ರಾಯಚೂರಿಗೆ ಹೋದೆವು. ಅಲ್ಲಿನ ಅಧಿಕಾರಿ ವಯಸ್ಸಾದವರು. ಇಂಥ ಅರ್ಜಿ ತಮ್ಮ ಮುಂದೆ ಬಂದದ್ದು ಇದೇ ಮೊದಲು ಅಂತ ಮತ್ತೆ ಮತ್ತೆ ಓದಿದರು. ಕೊಟ್ಟವಳ ಉದ್ದೇಶ ನೀರು, ಇದೂ ನೀರಿಗಾಗಿಯೇ ಅಂತ ಬೀಬಿ ಸಮಾಧಾನದಿಂದ ತಿಳಿಸಿ ಹೇಳಿದರು. ಒಂದು ವರ್ಷ ಮಾಡಿ ನೋಡಿರಿ, ಸರಿಹೋಗದಿದ್ದರೆ ಜಮಾತಿನವರು ಹೇಳಿದ ಹಾಗೆ ಲೀಸಿಗೆ ಕೊಡಬೇಕು ಅಂತ ಅವರು ಒಪ್ಪಿದರು.

ಅವತ್ತು ನಿಮ್ಮನ್ನು ನೋಡಿದೆ. ತೀನ್ ಕಂದೀಲ್ ಚೌಕದ ಹತ್ತಿರ ಹೋಟೆಲಿನ ಮುಂದೆ ಗೆಳೆಯರ ಜೊತೆ ನಿಂತಿದ್ದಿರಿ. ನೀಲಿ ಗೆರೆಯ ಅಂಗಿ. ನಾನು ಕರೆಯಲಿಲ್ಲ, ನೀವು ಈ ಕಡೆ ನೋಡಲಿಲ್ಲ. ಬೀಬಿ ನನ್ನ ಮುಖ ನೋಡಿದರು, ನಿಮ್ಮನ್ನೂ ನೋಡಿದರು. ಯಾರು ಅಂತ ಕೇಳಲಿಲ್ಲ. ಬಸ್ಸಿನಲ್ಲಿ ಪೇರಲ ಹಣ್ಣು ಕೊಂಡು ಒಂದನ್ನು ನನ್ನ ಕೈಯಲ್ಲಿಟ್ಟು, ಕಲ್ಲೂರು ದಾಟುವ ತನಕ ಕಿಟಕಿಯ ಆಚೆ ನೋಡುತ್ತಾ ಕೂತರು. ಅತ್ತು ಮುಗಿಸಲು ನನಗೆ ಅಷ್ಟು ಹಾದಿ ಬೇಕಿತ್ತು. ಇದು ಅವರಿಗೆ ಹೇಗೆ ಗೊತ್ತಾಯಿತೋ.

ಬೇಸಿಗೆಯಲ್ಲಿ ಗುಂಡಿ ತೋಡಿದರು, ಗಾಡಿಗಳು ಬಂದವು. ಅವ್ವನ ತಲೆಯಿಂದ ಬುಟ್ಟಿ ಇಳಿಯಿತು. ಮೊದಲ ಕೆಲವು ದಿನ ಆಕೆ ಖಾಲಿ ತಲೆಯಲ್ಲೂ ಕುತ್ತಿಗೆ ಬಿಗಿಹಿಡಿದೇ ನಡೆಯುತ್ತಿದ್ದಳು.

ಎಲ್ಲ ಚಂದವಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ಮಳೆಗಾಲದಲ್ಲೇ ಕೆಟ್ಟಿತು. ಮುಗಿಲು ಹರಿದ ಹಾಗೆ ಒಂದು ಮಳೆ ಹೊಡೆದು, ಗುಂಡಿಗಳೆಲ್ಲ ತುಂಬಿ ಕಪ್ಪು ನೀರು ರಸ್ತೆಗೆ ಬಂತು. ಬಾವಿಗೆ ಹೋಗಲಿಲ್ಲ, ಅಷ್ಟು ಪುಣ್ಯ. ಆದರೆ ವಾಸನೆ ಅಂದರೆ ಊರೇ ಮೂಗು ಮುಚ್ಚಿಕೊಂಡಿತು. ಹುಳ, ನೊಣ. ಶುಕ್ರವಾರ ಮುಂಜಾನೆ ವಹೀದ್ ಸಾಹೇಬರು ಹತ್ತಾರು ಜನರ ಜೊತೆ ಗುಂಡಿಯ ಹತ್ತಿರ ಬಂದರು. ನಮಾಜಿಗೆ ಹೋಗುವ ದಾರಿ ಇದು, ಇವತ್ತೇ ಮುಚ್ಚಬೇಕು, ಸಿದ್ದರಾಮಪ್ಪನವರಿಗೆ ಹೇಳಿ ಕಳಿಸೋಣ ಅಂದರು. ಗುಂಡಿಯಲ್ಲಿ ಮೊಣಕಾಲುದ್ದ ರಾಡಿಯಲ್ಲಿ ಅವ್ವ ಒಬ್ಬಳೇ ನಿಂತು, ನೀರಿಗೆ ಹಾದಿ ಮಾಡಲು ಸಲಿಕೆ ಹಾಕುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿ ಇಳಿಯಲು ಹೋದೆ. ಅವ್ವ ಸಲಿಕೆ ಅಡ್ಡ ಹಿಡಿದಳು.

“ನೀ ಇಳೀಬ್ಯಾಡ. ನೀ ಇಳೀಬಾರದು ಅಂತನ ನಾ ಇಷ್ಟು ದಿನ ಇಳದೀನಿ” ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಬೀಬಿ ಬಂದರು. ಬುರ್ಖಾ ತೆಗೆದು, ಮಡಚಿ, ಕಲ್ಲಿನ ಮೇಲಿಟ್ಟರು. ಒಳಗೆ ಹಳೇ ಕಂದು ಬಣ್ಣದ ಸೀರೆ. ಸೆರಗು ತಲೆಗೆ ಬಿಗಿದು ಸುತ್ತಿಕೊಂಡು, ನೆರಿಗೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಗುಂಡಿಗೆ ಇಳಿದರು. ಅವ್ವ ಕಿರುಚಿದಳು. ಮೇಲೆ ಹತ್ತಿರಿ ಬೀಬಿ, ಇದು ನಿಮಗಲ್ಲ ಅಂದಳು.

“ಯಾಕ? ನಿನಗ ಆಗೂದು ನನಗ ಯಾಕ ಆಗಂಗಿಲ್ಲ?”

ಬೀಬಿ ಇದನ್ನು ಜನಕ್ಕೆ ಕೇಳಿಸಲಿ ಅಂತ ಹೇಳಲಿಲ್ಲ. ಸಹಜವಾಗಿ, ನಿಜವಾಗಿ ಕಾರಣ ಕೇಳುವವರ ಹಾಗೆ ಕೇಳಿದರು. ಅವ್ವ ಉತ್ತರ ಹುಡುಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ಯಾರೂ ಆಕೆಗೆ ಕೇಳಿರಲಿಲ್ಲ. ಕೊನೆಗೆ ಇನ್ನೊಂದು ಸಲಿಕೆಯನ್ನು ಬೀಬಿಯ ಕಡೆ ಸರಿಸಿದಳು.

ಇಬ್ಬರೂ ಅಗೆದರು. ಬೀಬಿಗೆ ಸಲಿಕೆ ಹಿಡಿಯಲು ಬರುತ್ತಿರಲಿಲ್ಲ, ಎರಡು ಸಲ ಜಾರಿ ಕೂತರು. ಎರಡನೇ ಸಲ ಅವ್ವ ಅವರ ರಟ್ಟೆ ಹಿಡಿದು ಎತ್ತಿದಳು. ಆಮೇಲೆ ವಹೀದ್ ಸಾಹೇಬರು ಏನೋ ಗೊಣಗುತ್ತಾ ಚಪ್ಪಲಿ ಬಿಟ್ಟರು, ಪಾಯಿಜಾಮ ಮಡಚಿದರು, ಯಾರ ಕೈಯಿಂದಲೋ ಗುದ್ದಲಿ ಕಸಿದುಕೊಂಡರು. ಗುಂಡಿಗೆ ಇಳಿಯಲಿಲ್ಲ, ಅದನ್ನೂ ಹೇಳಬೇಕು. ಹೊರಗಿನಿಂದ ಕಾಲುವೆ ತೋಡಿದರು. ಆದರೆ ಮಧ್ಯಾಹ್ನದ ತನಕ ತೋಡಿದರು. ಸ್ನಾನ ಮಾಡಿ ನಮಾಜಿಗೆ ಹೋಗುವಾಗ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಗುಂಡಿಯ ಹಸಿ ಹೀರಲು ಒಣಗಿದ್ದು ಏನಾದರೂ ಬೇಕಿತ್ತು. ಸಿದ್ದರಾಮಪ್ಪನವರ ಹಳೇ ಗಿರಣಿಯ ಹಿಂದೆ ನೆಲ್ಲಿನ ಹೊಟ್ಟು ಗುಡ್ಡದ ಹಾಗೆ ಬಿದ್ದಿರುತ್ತಿತ್ತು. ತಾವು ಹೊಲ ಕೊಡಲಿಲ್ಲವಲ್ಲ, ಹೇಗೆ ಕೇಳುವುದು ಅಂತ ಬೀಬಿ ಹಿಂಜರಿಯಲಿಲ್ಲ. ನೇರ ಗಿರಣಿಗೆ ಹೋದರು. ಸಿದ್ದರಾಮಪ್ಪನವರು ಮೊದಲು ನಕ್ಕರು, ಆಮೇಲೆ ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಹೊಲ ಕೇಳಿದ್ದಕ್ಕೆ ಇಲ್ಲ ಅಂದವರು ಬೂದಿಗೆ ಹೋಗುವ ಹೊಟ್ಟು ಕೇಳಲು ಬಂದೀರಿ, ನಾನು ಇಲ್ಲ ಅಂದರೆ ನನ್ನ ಮನಿದೇವರು ಮೆಚ್ಚುವುದಿಲ್ಲ ಅಂದರಂತೆ. ಇವತ್ತಿಗೂ ಅವರ ಗಾಡಿಯೇ ಹೊಟ್ಟು ತಂದು ಹಾಕುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಮೊದಲ ಗುಂಡಿ ಬಿಚ್ಚಿದರು. ನಾವೆಲ್ಲ ಮೂಗಿಗೆ ಸೆರಗು ಹಿಡಿದೇ ನಿಂತಿದ್ದೆವು, ಹಿಡಿಯುವ ಅಗತ್ಯ ಇರಲಿಲ್ಲ. ಕರಿ ಮಣ್ಣು, ಪುಡಿ ಪುಡಿ. ಅದರಲ್ಲಿ ಊರಿನವರು ಬಿಸಾಡಿದ್ದು ಯಾವುದು ಅಂತ ಗುರುತೇ ಸಿಗಲಿಲ್ಲ. ಚೀಕಲಪರ್ವಿಯ ಒಕ್ಕಲಿಗರು ಬಂಡಿ ಕಟ್ಟಿಕೊಂಡು ಬಂದು ಒಯ್ದರು. ಅದರಿಂದ ಬಂದದ್ದರಲ್ಲಿ ಬಾವಿಯ ಹೂಳೆತ್ತಿಸಿದರು, ಕಟ್ಟೆ ಹೊಸದಾಗಿ ಕಟ್ಟಿಸಿದರು, ಕಸದ ಕೆಲಸದ ಹೆಂಗಸರಿಗೆ ಮುನಸಿಪಾಲ್ಟಿ ಪಗಾರದ ಮೇಲೆ ಗುಂಡಿಯ ಕೂಲಿ ಬೇರೆ, ವರ್ಷಕ್ಕೆ ಚಪ್ಪಲಿ, ಸಾಬೂನು. ಆ ವರ್ಷದ ಮಳೆಗಾಲದಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಯಾವ ಹೆಸರೂ ಕಡಿಮೆಯಾಗಲಿಲ್ಲ.

ಬಾವಿ ತೆರೆದ ದಿನ ಮೊದಲ ಹಗ್ಗವನ್ನು ಬೀಬಿ ಅವ್ವನ ಕೈಗೆ ಕೊಟ್ಟರು. ಕೆಲವರು ಮುಖ ಗಂಟಿಕ್ಕಿದರು, ಹಿಂದೆ ನಮಗೆ ನೀರು ಸೇದಿ ಸುರಿಯುತ್ತಿದ್ದ ಓಣಿಗಳವರು, ನಿಮಗೆ ಗೊತ್ತೇ ಇದೆ ಯಾರು ಅಂತ. ಇನ್ನು ಕೆಲವರು ಆ ಬಾವಿಯನ್ನೇ ಬಿಟ್ಟರು, ಈಗಲೂ ಬೇರೆ ಕಡೆ ಹೋಗುತ್ತಾರೆ. ಅವ್ವ ಸೇದಿದಳು. ಸೇದಿದ ನೀರನ್ನು ಏನು ಮಾಡಬೇಕು ಅಂತ ತಿಳಿಯದೆ ನಿಂತಳು. ಬೀಬಿ ಬಗ್ಗಿ ಬೊಗಸೆ ಒಡ್ಡಿದರು. ಅವ್ವ ಸುರಿದಳು, ಬೀಬಿ ಕುಡಿದರು.

ಹೋದ ವರ್ಷ ದೇವದುರ್ಗದ ಜಮಾತಿನವರು ಬಂದು ನೋಡಿ, ತಮ್ಮಲ್ಲೂ ಒಂದು ವಕ್ಫ್ ಜಾಗ ಹೀಗೇ ಬೀಳು ಬಿದ್ದಿದೆ, ಬಂದು ತೋರಿಸಿಕೊಡಿ ಅಂದರು. ಬೀಬಿ ಅವ್ವನನ್ನು ಕರೆದುಕೊಂಡು ಹೋದರು. ಇಬ್ಬರೂ ಬೀಬಿಯ ತಮ್ಮನ ಮನೆಯಲ್ಲಿ ಇಳಿದರು, ಒಂದೇ ಹಾಸಿನ ಮೇಲೆ ಕೂತು ಉಂಡರು. ಅವ್ವ ಬಂದು ಹೇಳಿದ್ದು ಗುಂಡಿಯ ಸುದ್ದಿಯಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು, ಕೂಡ್ರಿ ಅಜ್ಜಿ ಅಂತ ಜಾಗ ಬಿಟ್ಟುಕೊಟ್ಟಳು ಅಂತ.

ಈಗ ನಿಮ್ಮ ಸಾಲಿಗೆ ಬರುತ್ತೇನೆ.

ಕಸಬರಿಗೆ ಬಿಡಬೇಕು ಅಂತ ನೀವು ಬಯಸಿದ್ದು ತಪ್ಪಲ್ಲ. ಗಬ್ಬೂರಿನಲ್ಲಿ ನಿಮ್ಮವ್ವ ಏನೇನು ಹೊತ್ತು ನಿಮ್ಮನ್ನು ಓದಿಸಿದಳು ಅಂತ ನನಗೆ ಗೊತ್ತು. ಆ ಕೆಲಸ ನಮ್ಮ ಹಣೆಗೆ ಅಂಟಿಸಿದವರ ಮೇಲೆ ನಿಮಗೆ ಎಷ್ಟು ಸಿಟ್ಟಿದೆಯೋ ನನಗೂ ಅಷ್ಟೇ ಇದೆ. ಗುಂಡಿಯಲ್ಲಿ ನಿಂತು ಅವ್ವ ಹೇಳಿದ್ದೂ ಅದನ್ನೇ ತಾನೆ? ಆದರೆ ನೀವು ಕೆಲಸದ ಮೇಲಿನ ಸಿಟ್ಟನ್ನು ಮಾಡುವವಳ ಮೇಲೆ ತೀರಿಸಿದಿರಿ. ಬೀಬಿ ಆ ಕೆಲಸವನ್ನು ಪವಿತ್ರ ಅನ್ನಲಿಲ್ಲ, ಅವ್ವನನ್ನು ಹೊಗಳಿ ಹಾರ ಹಾಕಲಿಲ್ಲ. ಬುಟ್ಟಿ ಇಳಿಸಿದರು, ಹಗ್ಗ ಕೊಟ್ಟರು, ಪಕ್ಕದಲ್ಲಿ ನಿಂತರು. ನಾನು ಓದಿದವಳು, ಮಕ್ಕಳಿಗೆ ದಿನವೂ ಒಳ್ಳೆಯ ಮಾತು ಹೇಳುವವಳು. ಒಳ್ಳೆಯತನವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಆ ಹೊಲದಲ್ಲೇ.

ನಿಮ್ಮ ಕ್ವಾರ್ಟರ್ಸಿಗೆ ನಾನು ಷರತ್ತಿನ ಮೇಲೆ ಬರುವುದಿಲ್ಲ. ನಿಮ್ಮ ಮೇಲೆ ಪ್ರೀತಿ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನೀಲಿ ಗೆರೆಯ ಅಂಗಿ ಇನ್ನೂ ಕಣ್ಣ ಮುಂದೆ ಇದೆ. ಒಂದು ಭಾನುವಾರ ಮಾನ್ವಿಗೆ ಬನ್ನಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಾನಮ್ಮನ ಮನೆ ಎಲ್ಲಿ ಅಂತ ಕೇಳಿ. ನಿಮಗೆ ದಾರಿ ಗೊತ್ತಿದ್ದರೂ ಕೇಳಿ. ಆಕೆಯ ಅಳಿಯ ನಾನು ಅಂತ ಹೇಳಿ. ಜನ ಹೇಗೆ ದಾರಿ ತೋರಿಸುತ್ತಾರೆ ನೋಡಿರಿ. ಆಮೇಲೆ ಕ್ವಾರ್ಟರ್ಸಿನ ಮಾತು ಆಡೋಣ.

ಮಳೆ ಶುರುವಾಗಿದೆ, ತಲೆ ಒದ್ದೆ ಮಾಡಿಕೊಳ್ಳಬೇಡಿ, ನಿಮಗೆ ನೆಗಡಿ ಬೇಗ ಹಿಡಿಯುತ್ತದೆ.

ಇನ್ನೂ ನಿಮ್ಮ ಹೆಸರಿನ ತಾಳಿಯಲ್ಲೇ ಇರುವ,
ಗೋಪಮ್ಮ

ತಾ.ಕ.: ಒಂದು ವಿಷಯ ಬರೆಯದೇ ಲಕೋಟೆ ಮುಚ್ಚಬೇಕು ಅಂತಿದ್ದೆ. ಅವ್ವ ಯುಗಾದಿಯ ಮರುದಿನದಿಂದ ಕಸಬರಿಗೆ ಹಿಡಿದಿಲ್ಲ. ಕಣ್ಣು ಮಂಜಾಗಿದೆ, ಮುನಸಿಪಾಲ್ಟಿ ಕೆಲಸ ಬಿಟ್ಟಿದ್ದಾಳೆ. ಹೊಲದಲ್ಲಿ ಬೀಬಿಯ ಜೊತೆ ಕೂತು ಗುಂಡಿಗಳ ಉಸ್ತುವಾರಿ ನೋಡುತ್ತಾಳೆ. ನಿಮ್ಮ ಷರತ್ತು ನಿಮ್ಮ ಪತ್ರಕ್ಕಿಂತ ಮೊದಲೇ ತೀರಿತ್ತು. ಇದನ್ನು ಮೊದಲೇ ಬರೆದಿದ್ದರೆ ನೀವು ಅಲ್ಲಿಗೇ ಓದುವುದನ್ನು ನಿಲ್ಲಿಸಿ ಮೊದಲ ಬಸ್ಸಿಗೆ ಬಂದುಬಿಡುತ್ತಿದ್ದಿರಿ, ಆ ಭಯಕ್ಕೆ ಮುಚ್ಚಿಟ್ಟೆ. ಬರೆದ ಈ ಪತ್ರವನ್ನು ಓದಿ ಹೇಳಿದೆ, ಅವ್ವ ಒಪ್ಪಲಿಲ್ಲ. ಖರೇ ಇದ್ದದ್ದು ಬರಿ, ಅವನು ಯಾಕ ಬಂದ ಅಂತ ಕೇಳಬ್ಯಾಡ, ಬಂದನಲ್ಲ ಅಂತ ಒಳಗ ಕರಿ ಅಂದಳು. ಅದಕ್ಕೇ ಬರೆದಿದ್ದೇನೆ. ಆದರೆ ನಾನು ಅವ್ವನಷ್ಟು ದೊಡ್ಡವಳಲ್ಲ. ನಾನು ಕೇಳುತ್ತೇನೆ. ಉತ್ತರ ಇಟ್ಟುಕೊಂಡು ಬನ್ನಿ.